ಬಾಲವೋ ಕೊಂಬೋ

ಈರಣ್ಣನಿಗೆ ಮೀಸೆ ಚಿಗುರಲೇ ಇಲ್ಲ. ಅವನು ಬರೆದ ಅಕ್ಷರಗಳಿಗೆಲ್ಲ ಚಿಗುರಿತು. ಪೀಣ್ಯದಲ್ಲಿ ನಾನು ಸೂಪರ್‌ವೈಸರ್ ಆಗಿದ್ದ ಲೇಸರ್ ಕಟಿಂಗ್ ಶೆಡ್ಡಿನಲ್ಲಿ ನಾಮಫಲಕಗಳ ಡಿಸೈನ್ ಅವನದು. ಹಾವೇರಿ ಕಡೆಯವನು, ಪಕ್ಕದ ಲಗ್ಗೆರೆಯಲ್ಲಿ ಬಾಡಿಗೆ ರೂಮು. ತುದಿತುದಿಗೂ ಪಾದ, ಸುರುಳಿ ಇರುವ ಇಂಗ್ಲಿಷಿನ ಅಲಂಕಾರದ ಫಾಂಟೊಂದಕ್ಕೆ ಮನಸೋತು, ಅದರ ಕನ್ನಡ ತಂಗಿಯನ್ನು ಕಂಪ್ಯೂಟರಿನಲ್ಲಿ ತಾನೇ ತಿದ್ದಿ ತೀಡಿ ಮಾಡಿದ್ದ. ಊಟದ ಹೊತ್ತಿನಲ್ಲೂ ಬಲಗೈಯಲ್ಲಿ ರೊಟ್ಟಿ, ಎಡಗೈಯಲ್ಲಿ ಮೌಸು.

“ಇದು ಹೆಸರು ಬರಿಯಾಕ ಸರ, ಕತಿ ಬರಿಯಾಕಲ್ಲ. ಮೂರು ಪದ ದಾಟಿದ್ರ ಕಣ್ಣು ತಿರಗತಾವ,” ಎಂದು ಅವನೇ ಎಚ್ಚರಿಸುತ್ತಿದ್ದ. ಆದರೆ ಮೂರು ಪದದೊಳಗೆ ಏನು ಸಿಕ್ಕರೂ ಬಿಡುತ್ತಿರಲಿಲ್ಲ. ಒಮ್ಮೆ ಕರೆಂಟಿನ ಪ್ಯಾನಲ್ ರೂಮಿಗೆ ‘ಅಪಾಯ, ಮುಟ್ಟಬೇಡಿ’ ಎಂದು ಅದೇ ಸುರುಳಿ ಅಕ್ಷರದಲ್ಲಿ ಕತ್ತರಿಸಿ ತೂಗುಹಾಕಿದ. ಹೊಸ ಎಲೆಕ್ಟ್ರಿಷಿಯನ್ ಬಾಗಿಲಲ್ಲೇ ಬೂಟು ಬಿಚ್ಚಿ ಬರಿಗಾಲಲ್ಲಿ ಒಳಗೆ ಹೊರಟಿದ್ದ.

“ಯಾಕಪ್ಪಾ?” ಎಂದು ಕೂಗಿದೆ.

“ದೇವ್ರ ಮನೆ ಅನ್ಕೊಂಡೆ ಸಾರ್.”

ಅವನ ರಟ್ಟೆ ಹಿಡಿದು ಹೊರಗೆಳೆದೆ. ಈರಣ್ಣ ಮಾತ್ರ ಅರಳಿ, “ನೋಡ್ರಿ ಸರ, ಮರ್ಯಾದಿ ಅಂದ್ರ ಇದು!” ಎಂದ. ಅವತ್ತೇ ಅದನ್ನು ಇಳಿಸಿ ಮಾಮೂಲಿ ಕೆಂಪು ಬೋರ್ಡು ಹಾಕಿಸಿದೆ.

ಅವನ ಮನೆ ಓನರ್ ಕರಿಯಪ್ಪ ಲಗ್ಗೆರೆಯ ಹಳೇ ರೈತಾಪಿ ಕುಟುಂಬದವರು. ಅವರು ಹೊಸ ಮನೆ ಕಟ್ಟಿಸಿದಾಗ ಈರಣ್ಣ ಪ್ರೀತಿಯಿಂದ ಸ್ಟೀಲಿನ ಬೋರ್ಡು ಮಾಡಿಕೊಟ್ಟ: ‘ಕರಿಯಪ್ಪ ನಿಲಯ’. ಮೊದಲಕ್ಷರವೆಂದು ‘ಕ’ದ ಬಲಕ್ಕೆ ಒಂದು ಬಾಲವನ್ನು ಧಾರಾಳವಾಗಿ ಎಳೆದಿದ್ದ. ಬೋರ್ಡು ಮೇಲೇರಿತು. ಬೀದಿಗೆ ಬೀದಿಯೇ ಓದಿತು: ‘ಕುರಿಯಪ್ಪ ನಿಲಯ’.

ಗೃಹಪ್ರವೇಶದ ಊಟಕ್ಕೆ ಹೋಗಿದ್ದ ನನ್ನೆದುರೇ ಜಗಳ ಹತ್ತಿತು.

“ಇಂಗಾ ಬರೆಯೋದು? ನನ್ನೇ ಕುರಿ ಮಾಡ್ಬುಟ್ಯಲ್ಲೋ!” ಎಂದರು ಕರಿಯಪ್ಪ.

“ಅದು ಕೊಂಬಲ್ರಿ ಯಜಮಾನ್ರ, ಬಾಲ.”

“ಬಾಲವೋ ಕೊಂಬೋ, ಎಲ್ಡೂ ಕುರೀಗೇ ಅಲ್ವೇನ್ಲಾ ಇರೋದು!”

ಪುರೋಹಿತರೂ ನಕ್ಕರು. ಕರಿಯಪ್ಪನವರು ನಗಲಿಲ್ಲ. ಸಂಜೆಯೊಳಗೆ ಬಾಲ ಕತ್ತರಿಸು, ಇಲ್ಲವೇ ರೂಮು ಖಾಲಿ ಮಾಡು ಎಂದರು.

ಈರಣ್ಣ ಶೆಡ್ಡಿನಿಂದ ಸ್ಟೀಲು ಕೊಯ್ಯುವ ಗ್ರೈಂಡರ್ ತಂದು ಏಣಿ ಹತ್ತಿದ. ಎರಡು ಸಲ ಸ್ವಿಚ್ ಒತ್ತಿದ, ಎರಡು ಸಲವೂ ಆರಿಸಿದ. “ಆಗಂಗಿಲ್ಲ ಸರ. ಬಾಲ ತಗದ್ರ ಇದು ಯಾವ ಅಂಗಡ್ಯಾಗ ಬೇಕಾದ್ರೂ ಸಿಗೋ ಅಕ್ಷರ,” ಎಂದು ಇಳಿದುಬಿಟ್ಟ. ಒಂದು ಬಾಲಕ್ಕಾಗಿ ರೂಮು, ಕೆಲಸ ಎರಡನ್ನೂ ಬಿಟ್ಟು ಊರಿಗೆ ಹೊರಟ ಅವನನ್ನು ಹುಚ್ಚ ಎಂದು ಬೈದೆ. ಈಗ ಶೆಡ್ಡಿನಲ್ಲಿ ಆಗುವ ಬೋರ್ಡುಗಳಲ್ಲಿ ತಪ್ಪೇ ಇರುವುದಿಲ್ಲ. ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಅವನಿಲ್ಲದೆ ನನಗೂ ಬೇಜಾರು.

ಮೊನ್ನೆ ಲಗ್ಗೆರೆಗೆ ಹೋದಾಗ ಬೋರ್ಡು ಬಾಲದ ಸಮೇತ ಹಾಗೇ ಇತ್ತು. ಕರಿಯಪ್ಪನವರೇ ಹೊರಬಂದು, “ಪಾರ್ಸಲ್ ತರೋರ್ಗೆಲ್ಲಾ ಕುರಿಯಪ್ಪನ ಮನೆ ಅಂದ್ರೇನೇ ಗೊತ್ತಾಗೋದು. ಈಗ ಕಿತ್ತಾಕಿದ್ರೆ ನಮ್ಮನೆ ನಂಗೇ ಸಿಗಾಕಿಲ್ಲ. ಅವ್ನ ರೂಮು ಅಂಗೇ ಮಡಗಿವ್ನಿ, ಬರಾಕೇಳಿ ಸಾರ್,” ಎಂದರು.

ಅಲ್ಲಿಂದಲೇ ಈರಣ್ಣನಿಗೆ ಫೋನ್ ಮಾಡಿ ರೂಮಿನ ವಿಷಯ ಹೇಳಿದೆ.

“ಬಾಲ ಇನ್ನೂ ಐತೇನ್ರಿ ಸರ?”

“ಇದೆ ಕಣೋ. ಬಾ.”

“ಐತಂದ್ರ ನಾ ಬರಂಗಿಲ್ಲ ಬಿಡ್ರಿ. ಇಲ್ಲಿದ್ರ ನನಗದು ಇನ್ನೂ ಬಾಲನ. ಬಂದು ಎದುರಿಗೆ ನಿಂತ್ರ, ಎಲ್ಲಾರಂಗ ನಾನೂ ಅದನ್ನ ಕುರಿ ಅಂತನ ಓದಬೇಕಾಗತೈತಿ.”