ದರ್ಜಿ ಅಕ್ಕನ ಅಂಗಳಕ್ಕೆ ತಾವಾಗಿ ಬಂದವರು

ಇವತ್ತು ಬೆಳಗ್ಗೆ ನಮ್ಮ ಮೊಮ್ಮಗಳು ನನ್ನನ್ನು ‘ಆಯಿ’ ಅಂದಳು. ಆರು ವರ್ಷದವಳು. ನನ್ನ ಸೊಸೆಗೂ ತೀರಿಹೋದ ಅವಳ ಮೊದಲ ಗಂಡನಿಗೂ ಹುಟ್ಟಿದ ಮಗಳು. ತಾಯಿಯ ಸೆರಗು ಹಿಡಿದು ನಮ್ಮ ಮನೆಗೆ ಬಂದು ಹತ್ತು ತಿಂಗಳಾಯಿತು. ಅಷ್ಟೂ ದಿನ ನನ್ನನ್ನು ಏನೆಂದೂ ಕರೆದಿರಲಿಲ್ಲ. ಈಗ ನಾನು ಅಜ್ಜಿ ಆದೆ. ಜಹೀರಾಬಾದಿನ ನಮ್ಮ ಓಣಿಯಲ್ಲಿ ಎದುರು ಸಿಕ್ಕವರಿಗೆಲ್ಲ ಹೇಳಿದೆ, ಹಾಲಿನವನನ್ನು ನಿಲ್ಲಿಸಿಕೊಂಡು ಹೇಳಿದೆ. ಯಾರಿಗೆ ಮೊದಲು ಹೇಳಬೇಕಿತ್ತೋ ಅವರಿಗೆ ಮಾತ್ರ ಹೇಳಲಾಗಲಿಲ್ಲ.

ಅವರ ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು ಜೋತಾಡುತ್ತಿತ್ತು. ಹಳದಿ ಟೇಪು, ಅಂಕಿಗಳು ಅರ್ಧ ಅಳಿಸಿಹೋಗಿದ್ದವು. ಗಿಡಕ್ಕೆ ನೀರು ಹಾಕುವಾಗಲೂ ತೆಗೆಯುತ್ತಿರಲಿಲ್ಲ. ಬಗ್ಗಿದರೆ ಅದರ ತುದಿ ಕೆಸರಿಗೆ ತಾಗುತ್ತಿತ್ತು. ಆಮೇಲೆ ಅದೇ ಟೇಪಿನಲ್ಲಿ ಕುಪ್ಪಸದ ಅಳತೆ ತೆಗೆದರೆ ನಮ್ಮ ಬೆನ್ನಿಗೆಲ್ಲ ಮಣ್ಣು. ಸೆರಗಿನ ಅಂಚಿಗೆ ಎರಡು ಸೂಜಿ, ತಲೆಗೂದಲಲ್ಲಿ ಬಣ್ಣಬಣ್ಣದ ದಾರದ ಚೂರು. ಓಣಿಗೆಲ್ಲ ಅವರು ದರ್ಜಿ ಅಕ್ಕ. ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ.

ಸಿರ್ಗಾಪುರದ ಕಡೆಯವರು. ಗಂಡ ಬಿಟ್ಟುಹೋದ ಮೇಲೆ ಹೊಲಿಗೆ ಯಂತ್ರ ಒಂದನ್ನೇ ಕಟ್ಟಿಕೊಂಡು ಈ ಓಣಿಗೆ ಬಂದಿದ್ದರಂತೆ. ಮಕ್ಕಳಿಲ್ಲ. ಒಬ್ಬ ತಂಗಿ ಇದ್ದದ್ದು ತಾಂಡೂರಿನಲ್ಲಿ.

ಅವರ ಅಂಗಳದಲ್ಲಿ ಕೈಯಾರೆ ನೆಟ್ಟದ್ದು ಅಂದರೆ ಒಂದು ಕನಕಾಂಬರ, ಒಂದು ಗುಲಾಬಿ. ಉಳಿದದ್ದೆಲ್ಲ ತಾನಾಗಿ ಹುಟ್ಟಿದ್ದು. ಹಿಂದಿನ ವರ್ಷದ ಬೀಜ ಉದುರಿದ ಕಡೆ ಗೌರಿಹೂವು, ಸಂಜೆಮಲ್ಲಿಗೆ, ಕೋಳಿಜುಟ್ಟು. ಮೆಟ್ಟಿಲಿನ ಬಿರುಕಿನಲ್ಲಿ ಸದಾಪುಷ್ಪ. ನಡೆಯುವ ದಾರಿಯಲ್ಲಿ ಸಸಿ ಎದ್ದರೆ ಅಕ್ಕ ದಾರಿಯನ್ನೇ ಪಕ್ಕಕ್ಕೆ ಸರಿಸುತ್ತಿದ್ದರು. ಕುಪ್ಪಸ ಹೊಲಿಸಲು ಬಂದ ಹೆಂಗಸರು ಸೀರೆ ಎತ್ತಿ ಹಿಡಿದು ಡೊಂಕುಡೊಂಕಾಗಿ ನಡೆದು ಬಾಗಿಲು ಸೇರಬೇಕಿತ್ತು.

ನಾನಾಗ ನ್ಯಾಲ್ಕಲ್ ಕಡೆಯ ಹೊಲಗಳಿಗೆ ಆಟೋದಲ್ಲಿ ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದೆ. ಬಿತ್ತಿದ ಸಾಲು ಬಿಟ್ಟು ಹುಟ್ಟಿದ್ದನ್ನೆಲ್ಲ ಕಿತ್ತು ಹಾಕುವುದು ನನ್ನ ಕೆಲಸ. ಕಣ್ಣು ನೋಡುವ ಮೊದಲೇ ಕೈಯ ಕುರ್ಪಿ ಓಡುತ್ತಿತ್ತು. ನಾವು ಓಣಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹೂವುಗಳನ್ನು ಗೋಪುರದ ಹಾಗೆ ಜೋಡಿಸಿ ಹೆಂಗಸರು ಸುತ್ತ ಆಡುವ ಬತುಕಮ್ಮ ಹಬ್ಬ ಹತ್ತಿರ ಇತ್ತು. ಅಕ್ಕ ಗುಲಾಬಿಗೆ ನೀರು ಹಾಕಲು ನನಗೆ ಹೇಳಿ ತಂಗಿಯ ಮನೆಗೆ ಹೋದರು. ಅವರು ಬರುವಷ್ಟರಲ್ಲಿ ಖುಷಿಪಡಿಸಬೇಕು ಅನ್ನಿಸಿತು ನನಗೆ. ಒಂದು ದಿನ ಕೂಲಿ ಬಿಟ್ಟು ಕುಳಿತು ಅಂಗಳವನ್ನೆಲ್ಲ ಹಸನು ಮಾಡಿದೆ. ಗೋಡೆಯುದ್ದಕ್ಕೂ ಗುನುಗು ನಿಂತಿತ್ತು. ಬೆಳ್ಳಗೆ ತೆನೆಯ ಹಾಗೆ ಹೂವು ಬಿಡುವ ಅದನ್ನು ಹೊಲದಲ್ಲಿ ದಿನವೂ ಕಿತ್ತು ಕಿತ್ತು ನನ್ನ ಬೆನ್ನು ಬಿದ್ದುಹೋಗಿತ್ತು. ಮೊದಲು ಅದಕ್ಕೇ ಕೈ ಹಾಕಿದೆ. ಸಂಜೆಗೆ ಗುಲಾಬಿ, ಕನಕಾಂಬರ ಎರಡೇ ಉಳಿದವು. ಗುಡಿಸಿ, ಸಾರಿಸಿ, ರಂಗೋಲಿಯನ್ನೂ ಹಾಕಿದೆ.

ಅಕ್ಕ ಬಂದು ಗೇಟಿನಲ್ಲಿ ನಿಂತರು. ಕೈಯ ಚೀಲ ಕೆಳಗಿಡಲಿಲ್ಲ. ಹೊಗಳುತ್ತಾರೆ ಅಂತ ನಾನು ಗೋಡೆಯ ಈಚೆ ನಗುತ್ತ ನಿಂತಿದ್ದೆ. ಕೊನೆಗೆ ನನ್ನ ಕಡೆ ತಿರುಗಿ ಅಂದರು:

“ನಾ ಒಬ್ಬಾಕೆ ಇರ್ತೀನಿ ಅಂತೀರಿ ಎಲ್ಲಾರೂ. ನನ್ನ ಮನ್ಯಾಗ ಇಷ್ಟ್ ಮಂದಿ ಇದ್ರು, ತಂಗಿ.”

ಬೈದಿದ್ದರೆ ಹಗುರಾಗುತ್ತಿತ್ತು. ಆಮೇಲೆ ತಿಳಿಯಿತು, ವರ್ಷ ವರ್ಷವೂ ಓಣಿಯ ಹುಡುಗಿಯರು ಬತುಕಮ್ಮ ಜೋಡಿಸಲು ಗುನುಗು ಕೇಳಿಕೊಂಡು ಅವರ ಗೇಟಿಗೇ ಬರುತ್ತಿದ್ದರು. ಅವರ ಮನೆ ತುಂಬುತ್ತಿದ್ದದ್ದು ವರ್ಷಕ್ಕೆ ಆ ಒಂದು ಸಂಜೆ. ಮರುದಿನ ನಾನು ಹೊಲದಿಂದ ಒಂದು ಹೊರೆ ಗುನುಗು ಕೊಯ್ದು ತಂದೆ. ಮಂದಿ ಕಳೆ ಹೊರಗೆ ಒಗೆಯುತ್ತಾರೆ, ಈಕೆ ಮನೆಗೆ ಒಯ್ಯುತ್ತಾಳೆ ಅಂತ ಆಟೋದವನು ದಾರಿಯುದ್ದಕ್ಕೂ ನಕ್ಕ. ಅಕ್ಕ ಅದನ್ನು ಹುಡುಗಿಯರಿಗೆ ಹಂಚಿದರು. ಬಲಿತ ತೆನೆಗಳನ್ನು ಮಾತ್ರ ಎತ್ತಿಟ್ಟುಕೊಂಡು, ಬೋಳು ಅಂಗಳದ ತುಂಬ ತಿರುಗಾಡಿ ಜಾಡಿಸಿದರು.

ಮುಂದಿನ ಮಳೆಗೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಹೊಲದ ಕಳೆ ನನಗೆ ಗೊತ್ತು, ಹೂವಿನ ಸಸಿಯ ಗುರುತು ಗೊತ್ತಿರಲಿಲ್ಲ. “ಮೊದಲಿನ ಎರಡ ಎಲಿ ನೋಡಿ ಯಾರನ್ನೂ ಹೊರಗ ಹಾಕಬ್ಯಾಡ,” ಅಂದರು. “ಅವು ಎಲ್ಲಾರವೂ ಒಂದೇ ನಮೂನಿ ಇರ್ತಾವ. ನಾಕನೇ ಎಲಿ ಬರ್ಲಿ. ಅದೇ ಹೇಳ್ತದ ತಾ ಯಾರಂತ.”

ಹೊಸ ಸಸಿ ಕಂಡರೆ ಪಕ್ಕದಲ್ಲಿ ಕಡ್ಡಿ ಚುಚ್ಚಿ ಕೆಂಪು ದಾರ ಕಟ್ಟುವುದು ಶುರುವಾದದ್ದೂ ಆಗಲೇ. ನನ್ನ ಕೈಗೆ ಹೆದರಿ ಕಟ್ಟಿದ್ದು ಅಂತ ನಾಲ್ಕು ಜನರ ಮುಂದೆ ಹೇಳಿ ನಗುತ್ತಿದ್ದರು. ಬಂದವರನ್ನೆಲ್ಲ ಇಟ್ಟುಕೊಳ್ಳುತ್ತಿದ್ದರು ಅಂತಲ್ಲ. ವಿಷದ ಉಮ್ಮತ್ತಿ ಎದ್ದರೆ ಓಣಿಯ ಕೂಸುಗಳು ಕಾಯಿ ಬಾಯಿಗೆ ಹಾಕಿಕೊಂಡಾವು ಅಂತ ಕಿತ್ತೇ ಬಿಡುತ್ತಿದ್ದರು. ಆದರೆ ‘ನೀ ಹೋಗಪ್ಪಾ’ ಅಂತ ಅದನ್ನೂ ಮಾತಾಡಿಸಿಯೇ ಕೀಳುತ್ತಿದ್ದರು.

ಹೀಗೆ ಎಷ್ಟೋ ಮಳೆ ಕಳೆದವು. ನನ್ನ ಗಂಡ ತೀರಿಹೋದ. ಮಗ ಔಷಧದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಒಂದು ದಿನ ಬಂದು, ನಾರಾಯಣಖೇಡದ ಒಬ್ಬಳನ್ನು ಮದುವೆಯಾಗುತ್ತೇನೆ, ಗಂಡ ಸತ್ತಾಕೆ, ಒಂದು ಹೆಣ್ಣುಮಗು ಇದೆ ಅಂದ. ನಾನು ನಡುವಿನ ಗೋಡೆಗೆ ಒರಗಿ ಅಕ್ಕನ ಮುಂದೆ ಅತ್ತೆ. ಸೊಸೆ ಬರಲಿ, ಕೂಸು ಮಾತ್ರ ಆಕೆಯ ತವರಿನಲ್ಲೇ ಇರಲಿ ಅಂದೆ. ಹಾಗೆ ಅಂದದ್ದು ನಿಜ, ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ನನ್ನ ಜೊತೆ ವಾದ ಮಾಡಲಿಲ್ಲ. ಮರುದಿನ ಗೋಡೆಯ ಮೇಲಿಂದ ಒಂದು ಪುಟ್ಟ ಫ್ರಾಕು ಚಾಚಿದರು. “ಅಳತಿ ಇಲ್ಲ, ಅಂದಾಜಿಲೆ ಹೊಲದೀನಿ. ಕೆಳಗ ನಾಕ ಬೆರಳು ಮಡಚಿ ಬಿಟ್ಟೀನಿ. ಬೆಳದಂಗ ಬಿಚ್ಚಕೋತ ಹೋಗು.” ಒಳಮಡಿಕೆ ಮುಟ್ಟಿ ನೋಡಿದೆ. ಇನ್ನೂ ಮುಖ ನೋಡದ ಕೂಸು ನಮ್ಮ ಮನೆಯಲ್ಲಿ ಎಷ್ಟು ವರ್ಷ ಬೆಳೆಯಬೇಕು ಅನ್ನುವುದನ್ನು ಅವರು ಆಗಲೇ ಯೋಚಿಸಿಯಾಗಿತ್ತು. ಕೂಸೂ ಬರಲಿ ಅಂದೆ. ಒಳಗೆ ಹೋಗುವ ಮುಂಚೆ ಇಷ್ಟು ಹೇಳಿದರು: “ಬಂದಮ್ಯಾಲ, ನನಗ ಆಯಿ ಅನ್ನು ಅಂತ ಕೇಳಬ್ಯಾಡ. ತಾನಾಗೇ ಅಂದ್ರ ಅನ್ಲಿ.”

ನಾನು ಕೇಳಲಿಲ್ಲ. ಅದರಷ್ಟು ಕಷ್ಟದ ಕೆಲಸವನ್ನು ಹೊಲದಲ್ಲೂ ಮಾಡಿಲ್ಲ. ಮಗು ನೀರು ಬೇಕಾದರೆ ನನ್ನ ಸೆರಗು ಜಗ್ಗುತ್ತಿದ್ದಳು, ಅಷ್ಟೇ. ನಳದ ಹತ್ತಿರದ ಹೆಂಗಸರು, “ಇನ್ನಾ ನಿನಗ ಏನೂ ಅನ್ನವಲ್ಲಳೇನ?” ಅಂತ ಚುಚ್ಚುತ್ತಿದ್ದರು. ಬೆಲ್ಲ ಕೊಟ್ಟು ಒಂದು ಸಲ ಅನ್ನಿಸಿಬಿಡೋಣ ಅಂತ ನಾಲಿಗೆಯ ತುದಿಗೆ ಬಂದು ಬಂದು ನಿಲ್ಲುತ್ತಿತ್ತು.

ಚಳಿಯ ಒಂದು ಬೆಳಗ್ಗೆ ಆಚೆಯಿಂದ ಯಂತ್ರದ ಸದ್ದು ಬರಲಿಲ್ಲ. ಹೋಗಿ ನೋಡಿದರೆ ಅಕ್ಕ ಮಂಚದ ಮೇಲೆ ತಣ್ಣಗಾಗಿದ್ದರು. ಟೇಪು ಮೊಳೆಯಲ್ಲಿ ತೂಗುತ್ತಿತ್ತು. ಅದಿಲ್ಲದ ಅವರ ಕೊರಳನ್ನು ನಾನು ನೋಡಿದ್ದು ಅದೇ ಮೊದಲು. ತಂಗಿಯ ಮಕ್ಕಳು ತಾಂಡೂರಿನಿಂದ ಬಂದು, ಮಣ್ಣು ಮಾಡಿ, ಬೀಗ ಹಾಕಿಕೊಂಡು ಹೋದರು. ಮಗ ಅಂಗಡಿಗೆ, ಸೊಸೆ ಕೂಲಿಗೆ, ಮಗು ಶಾಲೆಗೆ ಹೋದ ಮೇಲೆ ನನ್ನ ಮಧ್ಯಾಹ್ನಕ್ಕೆ ಮಾತೇ ಇಲ್ಲ. ಗೋಡೆಯ ತನಕ ಹೋಗುತ್ತೇನೆ, ತಿರುಗಿ ಬರುತ್ತೇನೆ. ಈ ಮಳೆಗೆ ಗೋಡೆಯ ಈಚೆ, ನಾನು ಬಿತ್ತದ ಗೌರಿಹೂವು ಎದ್ದಿದೆ.

ಇವತ್ತು ಶಾಲೆಯ ಆಟೋದಲ್ಲಿ ಕೂತ ಮಗು ತಲೆ ಹೊರಗೆ ಹಾಕಿ, “ಆಯೀ, ನನ್ನ ನೀರಿನ ಬಾಟ್ಲಿ” ಅಂದಳು. ಪ್ರೀತಿಯಿಂದಲ್ಲ, ಮರೆತೆಯಲ್ಲಾ ಅನ್ನುವ ಸಿಟ್ಟಿನಲ್ಲಿ. ನಾನು ಕಂಬದ ಹಾಗೆ ನಿಂತೆ. ಆಟೋದವನು ಹಾರ್ನ್ ಹೊಡೆದ ಮೇಲೆ ಒಳಗೆ ಓಡಿದೆ. ಆಟೋ ತಿರುವು ದಾಟಿದ್ದೇ ಕಾಲುಗಳು ಗೋಡೆಯ ಕಡೆ ಹೋದವು, ‘ಅಕ್ಕಾ’ ಅಂತ ಕೂಗಿಯೂ ಬಿಟ್ಟೆ. ಆಚೆ ಬೀಗ. ಎದೆತುಂಬ ಸುದ್ದಿ ಇಟ್ಟುಕೊಂಡು ಆ ಗೋಡೆ ಹಿಡಿದು ನಿಂತಾಗ ಆದಷ್ಟು ಒಂಟಿತನ ನನಗೆ ಗಂಡ ಹೋದಾಗಲೂ ಆಗಿರಲಿಲ್ಲ.

ಮಗನಿಗೂ ಸೊಸೆಗೂ ನಾನು ಹೇಳಲಿಲ್ಲ. ಮಗುವಿನ ಬಾಯಿಂದಲೇ ಕೇಳಲಿ ಅಂದುಕೊಂಡೆ. ಸಂಜೆ ಸೊಸೆ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿದಳು. ಅವಳು ದಿನವೂ ನಮಗೆಲ್ಲ ಬಡಿಸಿ, ಕೊನೆಗೆ ಒಲೆಯ ಮುಂದೆ ಒಬ್ಬಳೇ ಉಣ್ಣುತ್ತಾಳೆ. ಹತ್ತು ತಿಂಗಳು ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. “ರೊಟ್ಟಿ ಬಡಿದದ್ದು ಸಾಕು. ನೀನೂ ಕೂಡವ್ವಾ,” ಅಂದೆ. ಅವಳು ಮಗನ ಮುಖ ನೋಡಿದಳು, ಒಲೆ ಆರಿಸಿ ನನ್ನ ಪಕ್ಕ ಕೂತಳು. ಎರಡು ತುತ್ತು ಆಗಿತ್ತೋ ಇಲ್ಲವೋ, ಮಗು “ಆಯಿ, ಖಾರ ಆಗ್ಯಾದ” ಅಂತ ನನ್ನ ತಾಟಿನ ಮೊಸರಿಗೆ ಕೈ ಹಾಕಿದಳು. ಸೊಸೆಯ ಕೈಯ ತುತ್ತು ಅಲ್ಲೇ ನಿಂತಿತು. ಮಗ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದ, ಒಂದು ಸಲ ಮಾತ್ರ ಮೂಗು ಒರೆಸಿಕೊಂಡ. ರೊಟ್ಟಿ ಕಡಿಮೆ ಬಿದ್ದವು. ಇದ್ದದ್ದನ್ನೇ ಮುರಿದು ಹಂಚಿಕೊಂಡೆವು. ಮತ್ತೆ ಬಡಿಯಲು ಯಾರೂ ಏಳಲಿಲ್ಲ.