ಅನೀಸಾಳ ಖಾಲಿ ಪೊಟ್ಟಣ

ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಅನೀಸಾ ಯಾರ ಮುಲಾಜಿಗೂ ಬೀಳುವವಳಲ್ಲ. ೧೯೯೯ರಲ್ಲಿ ಅವಳು ತನ್ನ ವಿದ್ಯಾರ್ಥಿಗಳಿಗಾಗಿ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಸಿ.ಡಿ. ಮಾಡಿದಳು. ಲಿನಕ್ಸನ್ನು ಯಾರು ಬೇಕಾದರೂ ಹಂಚಬಹುದು. ಆದರೆ ಎಲ್ಲರೂ ಕೇಳುತ್ತಿದ್ದ ಕನ್ನಡ ಟೈಪಿಂಗ್ ತಂತ್ರಾಂಶ ಒಂದು ಕಂಪನಿಯ ಸ್ವತ್ತು. ಅವರ ಫ್ಲಾಪಿಯಿಂದ ಬಳಸಬಹುದು, ಬೇರೆ ಪ್ಯಾಕ್ ಮಾಡಿ ಹಂಚುವಂತಿಲ್ಲ ಎಂದು ಲೈಸೆನ್ಸಿನಲ್ಲೇ ಬರೆದಿತ್ತು. ಹಾಗಾಗಿ ಅನೀಸಾ ಸಿ.ಡಿ.ಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಮಾತ್ರ ಇಟ್ಟಳು. ಅದು 'ಕಂಪನಿಯ ಫ್ಲಾಪಿ ಹಾಕಿ' ಎನ್ನುತ್ತಿತ್ತು, ಲೈಸೆನ್ಸ್ ತೋರಿಸಿ ಒಪ್ಪಿಗೆ ಪಡೆಯುತ್ತಿತ್ತು, ಆಮೇಲೆ ಫ್ಲಾಪಿಯಲ್ಲಿದ್ದ ತಂತ್ರಾಂಶವನ್ನು ತಾನೇ ಕಂಪ್ಯೂಟರಿಗೆ ಜೋಡಿಸುತ್ತಿತ್ತು.

ಇದನ್ನು ಕೇಳಿ ಪಕ್ಕದಂಗಡಿಯ ಮಹಾಲಿಂಗ ನಕ್ಕುಬಿಟ್ಟ. ಗೂಡಲೂರಿನ ತೋಟಗಳಿಂದ ಮೂಟೆಗಟ್ಟಲೆ ಟೀ ಪುಡಿ ತಂದು, ತನ್ನ ಹೆಸರಿನ ಪೊಟ್ಟಣಕ್ಕೆ ತುಂಬಿ ಮಾರುವವನು ಅವನು. "ಖಾಲಿ ಪೊಟ್ಣ ಕೊಡ್ತಿದ್ದೀಯಲ್ಲ ಕಣಮ್ಮಿ! ನಾನೇನು ತೋಟದೋರ್ನ ಕೇಳ್ಬುಟ್ಟು ತುಂಬ್ತೀನಾ?"

"ಪುಡಿ ನೀವು ಕೊಂಡಿದ್ದು, ಅಣ್ಣ. ಈ ತಂತ್ರಾಂಶಾನ ಕಂಪನಿಯೋರು ಬಳಸೋಕೆ ಬಿಟ್ಟಿದ್ದಾರೆ, ಅಷ್ಟೇ."

ಮುಂದಿನ ವಾರ ಮಹಾಲಿಂಗ ಸಂತೆಮರಹಳ್ಳಿ ಸಂತೆಯಿಂದ ಕೆಂಡಾಮಂಡಲವಾಗಿ ಬಂದ. ಅವನ ಹಳೇ ಪೊಟ್ಟಣಗಳನ್ನು ಯಾರೋ ಆಯ್ದುಕೊಂಡು, ಹುಣಸೆ ಬೀಜದ ಪುಡಿ ಬೆರೆಸಿದ ಟೀ ತುಂಬಿ ಮಾರುತ್ತಿದ್ದರು.

"ನನ್ ಎಸ್ರು ಕಣಮ್ಮಿ ಅದು! ನನ್ನ ಒಂದ್ ಮಾತು ಕೇಳ್ದೆ ಅದೆಂಗ್ ತುಂಬ್ದ ಅವ್ನು?"

ಅನೀಸಾ ಕಂಪ್ಯೂಟರಿನಲ್ಲಿ ಕಂಪನಿಯ ಲೈಸೆನ್ಸ್ ತೆರೆದು, 'ಹಂಚುವಂತಿಲ್ಲ' ಎಂಬ ಸಾಲಿಗೆ ಬೆರಳಿಟ್ಟು ತೋರಿಸಿದಳು. ಮಹಾಲಿಂಗ ಮೆಲ್ಲಗೆ ಕುರ್ಚಿಯಲ್ಲಿ ಕೂತ.

"ಆ ನಿನ್ ಲೈಸನ್ಸು ಅದೆಯಲ್ಲ, ಅಂಥದ್ದೊಂದು ನನ್ ಪೊಟ್ಣಕ್ಕೂ ಬರ್ಕೊಡು."

"ಬರ್ಕೊಡ್ತೀನಿ. ಮೊದಲು ನನ್ನ ಸಿ.ಡಿ.ನ ಖಾಲಿ ಪೊಟ್ಟಣ ಅಂದ್ರಲ್ಲ, ಆ ಮಾತು ವಾಪಸ್ ತಗೊಳ್ಳಿ."