ಹಿರಿಯಳ ಸೂರು

ಯೂನಿಯಾ ಇನ್ನೊಬ್ಬರ ಏಳಿಗೆಯನ್ನು ಸಹಿಸದ ಹೆಂಗಸು. ಸಿಯಾಯಾ ಸೀಮೆಯ ಆ ಊರಿನಲ್ಲಿ ಈ ಮಾತು ಹೇಳಲು ಯಾರೂ ದನಿ ತಗ್ಗಿಸುತ್ತಿರಲಿಲ್ಲ.

ಹುಲ್ಲು ಹೊದಿಸಿದ ಮನೆಯವರಿಗೆಲ್ಲ ಯಾವುದೋ ಸಂಸ್ಥೆ ಫೋನಿಗೇ ದುಡ್ಡು ಹಾಕುತ್ತಿತ್ತು. ಹಿಂದಿರುಗಿಸುವ ಮಾತಿಲ್ಲ. ಹೆಸರು ಬರೆದುಕೊಳ್ಳಲು ಬಂದ ಹುಡುಗಿ ಯೂನಿಯಾಳನ್ನು ಕೇಳಿದಳು: "ಮನೇಲಿ ಎಷ್ಟು ಜನ, ಅಮ್ಮಾ?"

"ನಾನು."

"ಮತ್ತೆ?"

"ನಾನು ಅಂದೆನಲ್ಲ. ನಿನ್ನ ದುಡ್ಡೂ ಬೇಡ, ಲೆಕ್ಕಾನೂ ಬೇಡ. ಹೋಗು."

ಆ ದುಡ್ಡಿನ ಹಿಂದೆಯೇ ಮನೆಗೆ ಹಾವು ಬರುತ್ತದೆಂಬ ಪುಕಾರು ಊರಲ್ಲಿತ್ತು. ಮುದುಕಿ ಅದಕ್ಕೆ ಹೆದರಿದಳೆಂದರು. ಯೂನಿಯಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಅದೇ ಅಂಗಳದ ಇನ್ನೊಂದು ಮನೆಯಲ್ಲಿದ್ದ ಕಿರಿಯ ಸವತಿ ರಿಸ್ಪಾ ದುಡ್ಡು ತೆಗೆದುಕೊಂಡಳು. ಹೊಳೆಯುವ ತಗಡುಗಳನ್ನು ತಂದು ಗೋಡೆಗೆ ಒರಗಿಸಿದಳು. ಅವು ಅಲ್ಲೇ ಉಳಿದವು. ಹೊಲಕ್ಕೆ ಮೊದಲ ಬೀಜ ಹಾಕುವವಳು ಮಿಕಾಯಿ, ಅಂದರೆ ಹಿರಿಯ ಹೆಂಡತಿ. ಹೊಸ ಸೂರು ಏಳುವುದೂ ಮೊದಲು ಅವಳ ಮನೆಗೇ, ಒಂದೇ ತಗಡಾದರೂ ಸರಿ. ಕಿರಿಯಳು ಅವಳನ್ನು ದಾಟಿದರೆ ಮೈ ಕರಗಿಸುವ ಕಾಯಿಲೆ ಬಂದು ಮಕ್ಕಳು ಮೊಮ್ಮಕ್ಕಳನ್ನು ತಿನ್ನುತ್ತದೆ. ಗಂಡ ಸತ್ತರೂ ಈ ಕಟ್ಟಳೆ ಸತ್ತಿರಲಿಲ್ಲ.

ರಿಸ್ಪಾ ನಡುವಿನ ಬೇಲಿಯಾಚೆ ನಿಂತು ಕೇಳಿದಳು: "ಮಿಕಾಯಿ, ದುಡ್ಡು ಬೇಡ ಅಂದೆ, ಬಿಡು. ನನ್ನ ತಗಡಲ್ಲೇ ಒಂದು ತಗೊಂಡು ನಿನ್ನ ಮನೆಗೆ ಹಾಕಿಸ್ಕೋ. ನನ್ನ ಹುಲ್ಲೆಲ್ಲ ಗೆದ್ದಲು ತಿಂದಿದೆ."

"ನನ್ನ ಹುಲ್ಲು ಗಟ್ಟಿಯಾಗಿದೆ. ನಿನ್ನ ಹಾವಿನ ದುಡ್ಡು ನೀನೇ ತಿನ್ನು."

"ಹಾವಾದ್ರೂ ಬುಸ್ ಅಂತ ಒಂದು ಮಾತಾಡುತ್ತೆ. ನಿನ್ನ ಬಾಯಲ್ಲಿ ಅದೂ ಇಲ್ಲ."

ಯೂನಿಯಾ ಬೆನ್ನು ತಿರುಗಿಸಿದಳು. ಹುಲ್ಲು ಗಟ್ಟಿಯಾಗಿದ್ದುದು ನಿಜ. ಜೋರು ಮಳೆಯ ರಾತ್ರಿ ಸೋರುವ ಮನೆ ಬಿಟ್ಟು ರಿಸ್ಪಾ ಚಾಪೆ ಹೊತ್ತು ಇಲ್ಲಿಗೇ ಬರುತ್ತಿದ್ದಳು. ಬೈಯುತ್ತಲೇ ಮಲಗುತ್ತಿದ್ದಳು, ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಆ ಮನೆಯಲ್ಲಿ ಇನ್ನೊಂದು ಉಸಿರು ಕೇಳುತ್ತಿದ್ದದ್ದು ಆ ರಾತ್ರಿಗಳಲ್ಲಿ ಮಾತ್ರ. ತಗಡು ಬಿದ್ದ ಮೇಲೆ ಅವಳು ಏಕೆ ಬರುತ್ತಾಳೆ? ಇದನ್ನು ಯೂನಿಯಾ ಯಾರಿಗೂ ಹೇಳಲಿಲ್ಲ. ಕೇಳಿದವರೂ ಇರಲಿಲ್ಲ.

ಮಳೆ ಹಿಡಿಯಿತು. ಮೊದಲ ರಾತ್ರಿ ರಿಸ್ಪಾ ಬಂದಳು. ಬೈಗುಳ ಇರಲಿಲ್ಲ, ಕೆಮ್ಮು ಇತ್ತು. ಬೆಳಗಿನವರೆಗೂ ಕೆಮ್ಮಿದಳು. ಯೂನಿಯಾ ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು ಕೇಳಿಸಿಕೊಂಡಳು.

ಸಂತೆಯ ದಿನ ಯೂನಿಯಾ ಎರಡು ಕೋಳಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೋದಳು. ಮಧ್ಯಾಹ್ನ ತಲೆಯ ಮೇಲೆ ಒಂದೇ ಒಂದು ತಗಡು ಹೊತ್ತು ಬಂದಳು. ಗಾಳಿಗೆ ಅದು ಬಳುಕಿದಾಗಲೆಲ್ಲ ನಿಂತು ಸುಧಾರಿಸಿಕೊಂಡಳು. ದಾರಿಯಲ್ಲಿದ್ದವರು, "ಒಂದು ತಗಡಲ್ಲಿ ಅರಮನೆ ಕಟ್ತೀಯೇನಜ್ಜಿ?" ಎಂದು ನಕ್ಕರು.

ಮೈದುನ ಒಗುಟು ಏಣಿ ಹಾಕಿ ಹತ್ತಿದ. "ಅತ್ತಿಗೆ, ಎಲ್ಲಿ ಹೊಡೀಲಿ? ಇಷ್ಟು ಒಳ್ಳೆ ಹುಲ್ಲು ಕೀಳೋಕೆ ಮನಸ್ಸೇ ಬರಲ್ಲ."

"ಬಾಗಿಲ ಮೇಲೆ. ನಾಲ್ಕು ಜನಕ್ಕೆ ಕಾಣೋ ಹಾಗೆ."

ಸುತ್ತಿಗೆಯ ಸದ್ದಿಗೆ ರಿಸ್ಪಾ ಹೊರಗೆ ಬಂದು ಬೇಲಿ ಹಿಡಿದು ನಿಂತಳು.

"ಏನು ನೋಡ್ತೀಯ?" ಎಂದಳು ಯೂನಿಯಾ. "ಮಿಕಾಯಿ ಮನೆಗೆ ತಗಡು ಬಿತ್ತು. ಬಡಗಿಗೆ ಹೇಳಿ ಕಳಿಸು."

ಆಮೇಲೆ ಒಂದು ಕೈಯಲ್ಲಿ ಏಣಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮತ್ತೊಂದು ಮೊಳೆಯನ್ನು ಮೈದುನನಿಗೆ ಮೇಲಕ್ಕೆ ಚಾಚಿದಳು.